ಪಂಡಿತಾ ರಮಾಬಾಯಿ: ಪುಣೆ ಬಳಿಯ 'ಕೃಪಾ ಸದನ' ಹೇಳುವ ದೈವಕರುಣೆ ಮತ್ತು ವಿನಯದ ಅರ್ಥವೇನು?

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೊರಟ ರೈಲು ದೌಂಡ್ ಜಂಕ್ಷನ್ ತಲುಪುವ ಮುನ್ನ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. ಸುಮಾರು 125 ವರ್ಷಗಳ ಹಿಂದೆ ಇದೇ ಊರಿನಲ್ಲಿ 'ಮುಕ್ತಿ' ಎಂಬ ಆಶ್ರಯಧಾಮ ತಲೆ ಎತ್ತಿತು. ಅದರ ಆವರಣದಲ್ಲೇ 'ಕೃಪಾ ಸದನ' ಎಂಬ ಇನ್ನೊಂದು ಮನೆ ಇತ್ತು. ಸಮಾಜ 'ಕೆಟ್ಟವಳು' ಎಂದು ಹಣೆಪಟ್ಟಿ ಹಚ್ಚಿ ಹೊರದೂಡಿದ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದ ಮನೆ ಅದು. ಇದನ್ನೆಲ್ಲ ಕಟ್ಟಿದವರು ಕನ್ನಡ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ.

ದೇವರ ಕರುಣೆ, ವಿನಯ ಎಂಬ ಪದಗಳು ಕ್ರೈಸ್ತ ಧರ್ಮದ ಪ್ರವಚನಗಳಲ್ಲಿ ಪದೇಪದೇ ಕೇಳಿಬರುತ್ತವೆ. ಹಾಗಾದರೆ ವಿನಯ ಎಂದರೆ ಯಾರ ಮುಂದೆಯೂ ತಲೆ ತಗ್ಗಿಸಿ ನಿಲ್ಲುವುದೇ? ಕರುಣೆ ಪಡೆದವರು ಜೀವನಪೂರ್ತಿ ಋಣಿಯಾಗಿ ಬಾಯಿ ಮುಚ್ಚಿಕೊಂಡಿರಬೇಕೇ? ಈ ಪ್ರಶ್ನೆಗಳನ್ನು ಅರ್ಥ ಮಾಡಿಕೊಳ್ಳಲು ರಮಾಬಾಯಿ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಕುರಿತ ವಿವರ ಇಲ್ಲಿದೆ.

ಕರುಣೆ, ವಿನಯ: ಬೈಬಲ್ ಏನನ್ನುತ್ತದೆ?

ಬೈಬಲ್‌ನ ಹಳೆಯ ಒಡಂಬಡಿಕೆಯ ಮೂಲ ಭಾಷೆ ಹೀಬ್ರೂ. ಅದರಲ್ಲಿ ಕರುಣೆಗೆ ಬಳಸುವ ಪದಗಳಲ್ಲಿ 'ರಹಮೀಮ್' ಒಂದು. ಗರ್ಭ ಎಂಬ ಅರ್ಥದ 'ರೆಹೆಮ್' ಪದಕ್ಕೂ ಇದಕ್ಕೂ ನಂಟಿದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಯೇಸು ಜನರನ್ನು ಕಂಡು ಮರುಗಿದ ಸಂದರ್ಭಗಳಲ್ಲಿ ಬರುವ ಕ್ರಿಯಾಪದದ ಮೂಲ ಅರ್ಥ ಕರುಳಿಗೆ ಸಂಬಂಧಿಸಿದ್ದು. 'ಕರುಳು ಚುರುಕ್ ಎಂದಿತು' ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದರೆ ಇಲ್ಲಿ ಕರುಣೆ ಮೇಲಿನಿಂದ ಎಸೆಯುವ ಭಿಕ್ಷೆಯಲ್ಲ, ಒಳಗಿನಿಂದ ಹುಟ್ಟುವ ಸಂಕಟ.

ಇನ್ನು ವಿನಯ. ಲ್ಯಾಟಿನ್‌ನಲ್ಲಿ ವಿನಯಕ್ಕಿರುವ 'ಹುಮಿಲಿಟಾಸ್' ಪದ, ಮಣ್ಣು ಎಂಬ ಅರ್ಥದ 'ಹುಮುಸ್' ಪದದ ಬಳಗಕ್ಕೆ ಸೇರಿದ್ದು. ಪ್ರಾಚೀನ ಗ್ರೀಕ್ ಮತ್ತು ರೋಮನ್ ಸಮಾಜದಲ್ಲಿ ತಗ್ಗಿ ನಡೆಯುವುದು ಗುಲಾಮರ ಲಕ್ಷಣವಾಗಿತ್ತೇ ಹೊರತು ದೊಡ್ಡವರ ಗುಣವಾಗಿರಲಿಲ್ಲ. ಯೇಸು ತನ್ನ ಶಿಷ್ಯರ ಕಾಲು ತೊಳೆದ ಪ್ರಸಂಗ ಈ ಲೆಕ್ಕಾಚಾರವನ್ನೇ ತಿರುಗಿಸಿತು. ಇಲ್ಲಿ ಒಂದು ಅಂಶ ಗಮನಿಸಿ. ಆ ಪ್ರಸಂಗದಲ್ಲಿ ಬಾಗಿದ್ದು ಗುರು, ಶಿಷ್ಯರಲ್ಲ. ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವುದೂ ಇದನ್ನೇ. ದೇವರ ಸ್ಥಾನದಲ್ಲಿದ್ದವನು ಅದನ್ನು ಬಿಟ್ಟುಕೊಟ್ಟು ಸೇವಕನ ರೂಪಕ್ಕೆ ಇಳಿದ ಎಂಬುದು ಆ ಭಾಗದ ಸಾರಾಂಶ.

ಎರಡಕ್ಕೂ ಇರುವ ಕೊಂಡಿ ಯಾವುದು? ಮತ್ತಾಯನ ಸುವಾರ್ತೆಯಲ್ಲಿ ಒಂದು ಕಥೆ ಬರುತ್ತದೆ. ರಾಜನಿಂದ ಭಾರಿ ಸಾಲ ಮನ್ನಾ ಪಡೆದ ಸೇವಕನೊಬ್ಬ ಹೊರಗೆ ಬಂದವನೇ ತನಗೆ ಚಿಲ್ಲರೆ ಸಾಲ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ಆ ಕಥೆಯ ತಿರುಳು ಇಷ್ಟೇ: ನೀನೇ ಕರುಣೆಯಿಂದ ಬದುಕಿರುವಾಗ ಇನ್ನೊಬ್ಬರಿಗಿಂತ ಮೇಲೆ ನಿಲ್ಲಲು ನಿನಗೆ ಜಾಗವಿಲ್ಲ. ವಿನಯದ ಕರೆ ಇರುವುದು ಮೊದಲಿಗೆ ಕೊಡುವವರಿಗೆ, ಪಡೆಯುವವರಿಗಲ್ಲ.

ಗಂಗಾಮೂಲದಿಂದ ಪುಣೆಗೆ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಸೀಮೆಯ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಹೆಸರಾದ ಜಾಗವದು. ಮರಾಠಿ ಮನೆಮಾತಿನ ಚಿತ್ಪಾವನ ಬ್ರಾಹ್ಮಣ ಕುಟುಂಬ. ಮೂಲ ಊರು ಕಾರ್ಕಳ ತಾಲ್ಲೂಕಿನ ಮಾಳ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ವಿರೋಧ ಎದುರಿಸಬೇಕಾಯಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಬೆಟ್ಟ ಇಳಿದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ತನ್ನನ್ನು ಕೆಳಗೆ ತಂದರು ಎಂದು ಮುಂದೆ ಅವರೇ ಬರೆದಿದ್ದಾರೆ.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನ ಜೊತೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ಅಲೆದ ರಮಾಬಾಯಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅವರ ಸಂಸ್ಕೃತ ಪಾಂಡಿತ್ಯ ಕಂಡು ಬೆರಗಾದ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ನೀಡಿದರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿ ಅವರೊಂದಿಗೆ ಜಾತಿ ಮೀರಿ ಮದುವೆಯಾಯಿತು. ಎರಡೇ ವರ್ಷಕ್ಕೆ ಕಾಲರಾ ಅವರನ್ನು ಬಲಿ ಪಡೆಯಿತು. ಇಪ್ಪತ್ನಾಲ್ಕು ತುಂಬುವಷ್ಟರಲ್ಲಿ ವಿಧವೆಯಾದ ರಮಾಬಾಯಿ, ಪುಟ್ಟ ಮಗಳು ಮನೋರಮಾಳನ್ನು ಎತ್ತಿಕೊಂಡು 1882ರಲ್ಲಿ ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕು ಎಂದು ಹಂಟರ್ ಶಿಕ್ಷಣ ಆಯೋಗದ ಮುಂದೆ ವಾದಿಸಿದರು.

ಲಂಡನ್‌ನಲ್ಲಿ ಕೇಳಿದ ಒಂದು ಪ್ರಶ್ನೆ

1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಅವರು ಇಂಗ್ಲೆಂಡ್‌ಗೆ ತೆರಳಿದರು. ಕಿವಿ ಸರಿಯಾಗಿ ಕೇಳಿಸದ ಕಾರಣ ಆ ಕನಸು ಕೈಗೂಡಲಿಲ್ಲ. ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರು ಅವರಿಗೆ ಆಶ್ರಯ ಕೊಟ್ಟಿದ್ದರು. ಒಮ್ಮೆ ಅವರನ್ನು ಲಂಡನ್‌ನ ಫುಲ್ಹಮ್‌ನಲ್ಲಿದ್ದ ಒಂದು ಮನೆಗೆ ಕರೆದೊಯ್ಯಲಾಯಿತು. ದಾರಿ ತಪ್ಪಿದವರೆಂದು ಜನ ದೂರ ಇಟ್ಟಿದ್ದ ಹೆಂಗಸರನ್ನು ಸನ್ಯಾಸಿನಿಯರು ಅಲ್ಲಿ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು.

ಇಂಥವರ ಮೇಲೆ ನಿಮಗೇಕೆ ಇಷ್ಟು ಕಾಳಜಿ ಎಂದು ರಮಾಬಾಯಿ ಕೇಳಿದರು. ಉತ್ತರವಾಗಿ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಹೆಂಗಸಿನ ಕಥೆ ಓದಿದರು. ಬೇರೆ ಜನಾಂಗದ, ಐದು ಗಂಡಂದಿರ ಹಿನ್ನೆಲೆಯ ಹೆಂಗಸೊಬ್ಬಳ ಬಳಿ ಯೇಸು ಬಾವಿಕಟ್ಟೆಯಲ್ಲಿ ಕುಡಿಯಲು ನೀರು ಕೇಳುವ ಕಥೆ ಅದು. ಮಡಿ ಮೈಲಿಗೆಯ ಲೋಕದಲ್ಲಿ ಬೆಳೆದವರಿಗೆ ಆ ದೃಶ್ಯದ ತೂಕ ಬೇಗ ಅರ್ಥವಾಗುತ್ತದೆ. ಕೊಡುವವನೇ ಮೊದಲು ಕೈಯೊಡ್ಡಿ ಕೇಳುತ್ತಾನೆ! ತನ್ನ ಮನಸ್ಸು ತಿರುಗಿದ್ದು ಅಲ್ಲಿ ಎಂದು ರಮಾಬಾಯಿ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. 1883ರ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

'ಅಹಂಕಾರಿ' ಎಂಬ ಆರೋಪ

ಆಶ್ರಯ ಕೊಟ್ಟವರ ಮಾತಿಗೆ ಆ ಬಳಿಕ ರಮಾಬಾಯಿ ಎದುರಾಡಲಿಲ್ಲ ಎಂದುಕೊಂಡರೆ ಅದು ತಪ್ಪು. ತ್ರಿತ್ವದಂಥ ಸಿದ್ಧಾಂತಗಳನ್ನು ಅವರು ಪ್ರಶ್ನಿಸಿದರು. ಲ್ಯಾಟಿನ್ ಬರಹವಿದ್ದ ಶಿಲುಬೆ ಧರಿಸಲು ಒಪ್ಪಲಿಲ್ಲ, ಬರಹ ಇರಲೇಬೇಕಾದರೆ ಸಂಸ್ಕೃತದಲ್ಲಿ ಏಕಿರಬಾರದು ಎಂಬುದು ಅವರ ವಾದ. ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ಆ ಹಸ್ತಕ್ಷೇಪವನ್ನೂ ಅವರು ಸಹಿಸಲಿಲ್ಲ. ಒಂದು ಪುರೋಹಿತಶಾಹಿಯ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬ ಧಾಟಿಯಲ್ಲಿ ಪತ್ರ ಬರೆದರು. ಅವರಿಗೆ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್‌ಗೆ ಇದು ಅಹಂಕಾರವಾಗಿ ಕಂಡಿತು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ರಮಾಬಾಯಿ ದೇವರ ಮುಂದೆ ಬಾಗಿದರು, ದೇವರ ಹೆಸರಿನಲ್ಲಿ ಮಾತಾಡುವ ಪ್ರತಿಯೊಬ್ಬರ ಮುಂದೆಯೂ ಬಾಗಲಿಲ್ಲ. ಅನ್ನ ಕೊಟ್ಟವರಿಗೂ 'ಇಲ್ಲ' ಎನ್ನುವ ಹಕ್ಕನ್ನು ಅವರು ಉಳಿಸಿಕೊಂಡರು.

ಪುಣೆಯ ವಿವಾದ ಏನಾಗಿತ್ತು?

ಇದೇ ಅಳತೆಗೋಲು ಮುಂದೆ ಅವರ ಸಂಸ್ಥೆಗೂ ತಾಗಿತು. 1889ರಲ್ಲಿ ಮುಂಬೈನಲ್ಲಿ ಬಾಲವಿಧವೆಯರಿಗಾಗಿ 'ಶಾರದಾ ಸದನ' ಆರಂಭಿಸಿದ ಅವರು, ಮರುವರ್ಷ ಅದನ್ನು ಪುಣೆಗೆ ಸ್ಥಳಾಂತರಿಸಿದರು. ಧರ್ಮದ ವಿಚಾರದಲ್ಲಿ ಸಂಸ್ಥೆ ತಟಸ್ಥ ಎಂಬ ಭರವಸೆ ಇತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ಹುಡುಗಿಯರು ಬರತೊಡಗಿದರು. ಮತಾಂತರದ ಮಾತು ಹಬ್ಬಿತು. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ಸುಧಾರಕರಾದ ಎಂ.ಜಿ. ರಾನಡೆ ಮತ್ತು ಆರ್.ಜಿ. ಭಂಡಾರ್ಕರ್ ಹೊರನಡೆದರು. ಹಲವು ಪೋಷಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ಬಾಗಿಲು ತೆರೆದಿಟ್ಟಿದ್ದೆನೇ ಹೊರತು ಯಾರನ್ನೂ ಎಳೆದಿಲ್ಲ ಎಂಬುದು ರಮಾಬಾಯಿ ಅವರ ನಿಲುವು. ಬೇರೆ ಆಸರೆಯೇ ಇಲ್ಲದ ಹುಡುಗಿಯ ಪಾಲಿಗೆ ತೆರೆದ ಬಾಗಿಲೂ ಒಂದು ಒತ್ತಡವೇ ಅಲ್ಲವೇ ಎಂಬುದು ಟೀಕಾಕಾರರ ಪ್ರಶ್ನೆ. ಎರಡೂ ಮಾತುಗಳಲ್ಲಿ ತೂಕವಿದೆ. ಆ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಬಾಲವಿಧವೆ ಗೋದುಬಾಯಿ ಹಿಂದೂವಾಗಿಯೇ ಉಳಿದರು. 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮರುಮದುವೆಯಾದರು. ಮುಂದೆ ಕರ್ವೆ ಪುಣೆಯಲ್ಲಿ ವಿಧವೆಯರ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದರು. 'ಬೇಡ' ಎಂದವಳಿಗೂ ಆ ಮನೆಯಲ್ಲಿ ಪಾಠ ಸಿಕ್ಕಿತ್ತು ಎಂಬುದಕ್ಕೆ ಗೋದುಬಾಯಿ ಸಾಕ್ಷಿ.

ಬರಗಾಲದಲ್ಲಿ ಹುಟ್ಟಿದ 'ಮುಕ್ತಿ'

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ರಮಾಬಾಯಿ ಖುದ್ದಾಗಿ ಅಲ್ಲಿಗೆ ಹೋದರು. ಹಸಿವಿನಿಂದ ಕಂಗಾಲಾದ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ತಾವೂ ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡ ನೆನಪು ಅವರನ್ನು ಅಲ್ಲಿಗೆ ಎಳೆದಿತ್ತು. ಅಷ್ಟರಲ್ಲಿ ಪುಣೆಗೆ ಪ್ಲೇಗ್ ಕಾಲಿಟ್ಟಿತು. ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಸ್ಥಿತಿಯನ್ನು ಅವರು ಪತ್ರಿಕೆಗೆ ಪತ್ರ ಬರೆದು ಬಹಿರಂಗವಾಗಿ ಟೀಕಿಸಿದರು. ಬಂದವರಿಗೆಲ್ಲ ನೆಲೆಯಾಗಿದ್ದು ಕೇಡಗಾಂವ್‌ನಲ್ಲಿ ಖರೀದಿಸಿದ್ದ ಜಮೀನು. 1898ರಲ್ಲಿ 'ಮುಕ್ತಿ' ರೂಪುಗೊಂಡಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ 2,000ದ ಹತ್ತಿರ ಬಂದಿತ್ತು.

ಮುಕ್ತಿಯ ಕೆಲಸದ ರೀತಿ ಹೀಗಿತ್ತು:

ಶಾರದಾ ಸದನದಲ್ಲಿ ಓದಿದ ಹಳಬರೇ ಹೊಸಬರಿಗೆ ಶಿಕ್ಷಕಿಯರು, ಪಾಲಕಿಯರು. ನಿನ್ನೆ ಆಸರೆ ಪಡೆದವಳು ಇಂದು ಆಸರೆ ಕೊಡುವವಳು.

ನೇಯ್ಗೆ, ಹೊಲಿಗೆ, ಬೇಸಾಯ, ಹೈನುಗಾರಿಕೆ, ಮುದ್ರಣ ಎಲ್ಲವನ್ನೂ ಕಲಿಸಲಾಗುತ್ತಿತ್ತು. ಕೈಕಸುಬು ಕಲಿತವರು ಬದುಕಿಗಾಗಿ ಇನ್ನೊಬ್ಬರ ಮುಂದೆ ಕೈಯೊಡ್ಡಬೇಕಿರಲಿಲ್ಲ.

ದೃಷ್ಟಿ ಇಲ್ಲದವರಿಗೆ ಮಗಳು ಮನೋರಮಾ ಬ್ರೈಲ್ ಕಲಿಸಿದರು. ಬರಗಾಲದಲ್ಲಿ ದೌರ್ಜನ್ಯಕ್ಕೆ ಸಿಕ್ಕಿ ಯಾರಿಗೂ ಬೇಡವಾದವರಿಗೆ ಕೃಪಾ ಸದನವಿತ್ತು. ಫುಲ್ಹಮ್‌ನಲ್ಲಿ ಕೇಳಿದ ಪ್ರಶ್ನೆಗೆ ರಮಾಬಾಯಿ ಕೊಟ್ಟ ತಮ್ಮದೇ ಉತ್ತರವದು.

ಶಾರದಾ ಸದನದಂತೆ ಮುಕ್ತಿ ತಟಸ್ಥವಾಗಿರಲಿಲ್ಲ, ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಹಾಗಾಗಿ ಪುಣೆಯ ಹಳೆಯ ಪ್ರಶ್ನೆ ಇಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಸಿದು ಬಂದ ಮಗು ನಂಬಿಕೆಯನ್ನು ಆರಿಸಿಕೊಂಡಿತೇ, ಅನ್ನದ ಜೊತೆ ಪಡೆಯಿತೇ? ರಮಾಬಾಯಿ ಅವರನ್ನು ಮೆಚ್ಚುವವರೂ ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಸರಸ್ವತಿಯ ಸರಳ ಮರಾಠಿ

ರಮಾಬಾಯಿ ಅವರ ಬದುಕಿನ ಕೊನೆಯ ದೊಡ್ಡ ಕೆಲಸ ಬೈಬಲ್ ಅನುವಾದ. ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಮರಾಠಿಗೆ ತಂದರು. 'ಸರಸ್ವತಿ' ಬಿರುದಿನ ವಿದುಷಿ ಇಲ್ಲಿ ಬೇಕೆಂದೇ ಸಂಸ್ಕೃತದ ಭಾರ ಇಳಿಸಿದರು. ಹಳ್ಳಿಯ ಹೆಂಗಸರಿಗೆ, ಅಲ್ಪಸ್ವಲ್ಪ ಓದು ಬಲ್ಲವರಿಗೆ ತಿಳಿಯುವ ಮಾತು ಬೇಕಿತ್ತು. ಅಕ್ಷರ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. ತಾನು ಗಳಿಸಿದ್ದನ್ನು ಮೆರೆಸದೆ, ಎದುರಿಗಿರುವವರ ಎತ್ತರಕ್ಕೆ ತಂದಿಡುವುದು ವಿನಯ ಎನ್ನುವುದಾದರೆ ಅದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ.

1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. ಅನುವಾದದ ಕೆಲಸ ಮುಗಿದ ಬೆನ್ನಲ್ಲೇ, 1922ರ ಏಪ್ರಿಲ್ 5ರಂದು ರಮಾಬಾಯಿ ನಿಧನರಾದರು.

ಇಂದು ಉಳಿದಿರುವುದೇನು?

ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಇಂದಿಗೂ ಮಹಿಳೆಯರು ಮತ್ತು ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. 1910ರ ದಶಕದ ಆರಂಭದಲ್ಲಿ ರಮಾಬಾಯಿ ಮತ್ತು ಮನೋರಮಾ ಗುಲ್ಬರ್ಗದಲ್ಲೂ, ಅಂದರೆ ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಭಾರತ ಸರ್ಕಾರ 1989ರಲ್ಲಿ ರಮಾಬಾಯಿ ನೆನಪಿಗೆ ಅಂಚೆಚೀಟಿ ಹೊರತಂದಿತು. ಇಂಗ್ಲೆಂಡ್‌ನ ಆಂಗ್ಲಿಕನ್ ಚರ್ಚ್ ಏಪ್ರಿಲ್ 30ರಂದು ಅವರನ್ನು ಸ್ಮರಿಸುತ್ತದೆ. ಒಂದು ಕಾಲದಲ್ಲಿ ಬಿಷಪ್ಪರ ಆಕ್ಷೇಪಕ್ಕೆ ಗುರಿಯಾದ ಹೆಣ್ಣುಮಗಳಿಗೆ ಅದೇ ಚರ್ಚ್‌ನ ಪಂಚಾಂಗದಲ್ಲಿ ಜಾಗ ಸಿಕ್ಕಿದೆ.

ಪಡಿತರ ಕಿಟ್ ಹಂಚುವಾಗ, ವಿದ್ಯಾರ್ಥಿವೇತನ ಕೊಡುವಾಗ, ಮನೆಗೆಲಸದವರಿಗೆ ಹಬ್ಬದ ಸೀರೆ ಕೊಡುವಾಗ ನಾವು ಅವರಿಂದ ತಗ್ಗಿದ ತಲೆಯನ್ನೂ ಫೋಟೊಗೆ ಒಂದು ನಗುವನ್ನೂ ನಿರೀಕ್ಷಿಸುತ್ತೇವೆ. ಕೊಡುವ ಕೈ ಯಾರದೇ ಇರಲಿ, ಯಾವುದೇ ಧರ್ಮದ್ದಿರಲಿ, ರಮಾಬಾಯಿ ಬದುಕು ಅದರ ಮುಂದಿಡುವ ಪ್ರಶ್ನೆ ಒಂದೇ: ಪಡೆದವರು ನಾಳೆ ನಿಮಗೆ 'ಇಲ್ಲ' ಎಂದರೆ, ಆಗಲೂ ನಿಮ್ಮ ಬಾಗಿಲು ಅವರಿಗೆ ತೆರೆದಿರುತ್ತದೆಯೇ?