ಮೇವಿನ ಬಂಡಿಗೆ ಮೊಳೆಯೋ, ಬೋಲ್ಟೋ?



ರಾಸುಗಳ ಆರೋಗ್ಯ ನೋಡುವವನು ನಟ್ಟು-ಬೋಲ್ಟಿನ ವಿಷಯ ಬರೆಯುವುದೇಕೆ ಎಂದು ತಾವು ಕೇಳಬಹುದು. ಕಾರಣವಿದೆ.

ಕಮಲಾಪುರ ಭಾಗದ ಒಂದು ಹಳ್ಳಿಯಲ್ಲಿ ಈದು ಹದಿನೈದು ದಿನವಾಗಿದ್ದ ಎಮ್ಮೆಯೊಂದು ಒಮ್ಮೆಲೇ ಹಾಲು ಕಡಿಮೆ ಮಾಡಿತು. ಬೆನ್ನು ಡೊಗ್ಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುತ್ತಿತ್ತು. ನಾನು ಹೋಗುವ ಹೊತ್ತಿಗೆ ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿ, ಎದೆಯ ಮುಂದೆ ನೀರು ತುಂಬಿದ ಬಾವು ಬಂದಿತ್ತು. ಎಮ್ಮೆ ಉಳಿಯಲಿಲ್ಲ. ಶವಪರೀಕ್ಷೆ ಮಾಡಿದಾಗ ಎರಡು ಇಂಚಿನ ಮೊಳೆಯೊಂದು ಹೊಟ್ಟೆಯಿಂದ ಹೊರಟು ಹೃದಯದ ಚೀಲವನ್ನು ಚುಚ್ಚಿತ್ತು. ಅಂಥವೇ ಮೊಳೆಗಳು ಆ ಮನೆಯ ಮೇವಿನ ಬಂಡಿಯ ಹಲಗೆಯಲ್ಲಿದ್ದವು. ಒಂದು ಕಡೆ ತೂತು ಮಾತ್ರ ಉಳಿದಿತ್ತು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೆ. ಲಸಿಕೆ, ಖನಿಜ ಮಿಶ್ರಣ, ಕೆಚ್ಚಲು ಬಾವು ಎಲ್ಲದರ ಬಗ್ಗೆ ಮಾತನಾಡಿದ್ದೆ. ಅದೇ ಬಂಡಿಗೆ ಒರಗಿ ಚಹಾ ಕುಡಿದಿದ್ದೆ. ಹಲಗೆಯ ಕಡೆ ನೋಡಿರಲಿಲ್ಲ.

ಆಡು ತುಟಿಯಿಂದ ಆರಿಸಿ ತಿನ್ನುತ್ತದೆ. ಆಕಳು, ಎಮ್ಮೆಗಳು ನಾಲಿಗೆಯಿಂದ ಮೇವನ್ನು ಬಾಚಿಕೊಂಡು ಸರಿಯಾಗಿ ಅಗಿಯದೆ ನುಂಗುತ್ತವೆ. ಮೆಲುಕು ಹಾಕುವುದು ಆಮೇಲೆ. ಮೇವಿನಲ್ಲಿರುವ ಕಬ್ಬಿಣ ಭಾರವಾದ್ದರಿಂದ ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ಕುಳಿತುಕೊಳ್ಳುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆಯೆಂಬ ತೆಳು ಪರದೆ. ಗರ್ಭ ಬೆಳೆದಾಗ, ಈಯುವಾಗ ಮುಕ್ಕಿದಾಗ, ಮೊಳೆ ಮುಂದಕ್ಕೆ ಸರಿಯುತ್ತದೆ. ಕಣಿಕೆ ಕಟರ್ ಇನ್ನೊಂದು ಅಪಾಯ ತರುತ್ತದೆ. ಉದ್ದನೆಯ ತಂತಿ ಕಣ್ಣಿಗೆ ಬೀಳುತ್ತಿತ್ತು. ಕಟರ್‌ಗೆ ಸಿಕ್ಕು ತುಂಡಾದರೆ ಅದು ಸೂಜಿ.

ನಮ್ಮ ಕಡೆ ಬಹಳ ಜನ ಬಂಡಿಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಹಳೆಯ ವಾಹನದ ಎರಡು ಗಾಲಿ, ಒಂದು ಆಕ್ಸಲ್, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಆಂಗಲ್ ಚೌಕಟ್ಟು, ಮೇಲೆ ಜಾಲಿ ಹಲಗೆ. ಮೇವು, ಹಾಲಿನ ಕ್ಯಾನು, ಕೆಲವೊಮ್ಮೆ ಜಡ್ಡಾದ ಕರು, ಎಲ್ಲವೂ ಅದರಲ್ಲೇ. ಚೌಕಟ್ಟು ವೆಲ್ಡರನ ಕೆಲಸ. ಅದಕ್ಕೆ ಹಲಗೆ ಯಾವುದರಿಂದ ಬಿಗಿಯಬೇಕೆಂಬುದು ತಮ್ಮ ಕೈಯಲ್ಲಿದೆ.

ಹಲಗೆಗೆ ಮೊಳೆ ಬೇಡವೇ ಬೇಡ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟಿದಾಗ ಒಣಗಿ ಕುಗ್ಗುತ್ತದೆ. ಮೊಳೆಗೆ ಇರುವುದು ಕಟ್ಟಿಗೆಯ ಹಿಡಿತವೊಂದೇ. ಅದು ಸಡಿಲಾದ ಮೇಲೆ ರಸ್ತೆಯ ಪ್ರತಿ ಕುಲುಕಾಟಕ್ಕೂ ಮೊಳೆ ಕೂದಲೆಳೆಯಷ್ಟು ಮೇಲೇಳುತ್ತದೆ. ಬೋಲ್ಟ್ ಹಾಗಲ್ಲ, ಹಲಗೆಯನ್ನೂ ಆಂಗಲ್ಲನ್ನೂ ಎರಡು ಬದಿಯಿಂದ ಹಿಚುಕಿ ಹಿಡಿಯುತ್ತದೆ. ತಲೆ ಗುಂಡಗೆ, ಕತ್ತು ಚೌಕ ಇರುವ ಬೋಲ್ಟ್ ಕೇಳಿ ತನ್ನಿ. ಚೌಕ ಕತ್ತು ಕಟ್ಟಿಗೆಯಲ್ಲಿ ಕಚ್ಚಿಕೊಳ್ಳುವುದರಿಂದ ನಟ್ ಬಿಗಿಯುವಾಗ ಬೋಲ್ಟ್ ತಿರುಗುವುದಿಲ್ಲ. ನುಣುಪಾದ ತಲೆ ಒಳಗಿರುವುದರಿಂದ ಕರುವಿನ ಚರ್ಮ ಕೆರೆಯುವುದಿಲ್ಲ. ನಟ್ ಯಾವಾಗಲೂ ಕೆಳಗೆ ಅಥವಾ ಹೊರಗೆ ಇರಲಿ. ನಟ್ ಕಟ್ಟಿಗೆಯ ಮೇಲೆಯೇ ಕೂರುವ ಕಡೆ ಅಗಲವಾದ ವಾಷರ್ ಹಾಕಬೇಕು, ಇಲ್ಲವಾದರೆ ಅದು ಕಟ್ಟಿಗೆಯೊಳಗೆ ಹೂತುಹೋಗುತ್ತದೆ.

ಉದ್ದದ ಲೆಕ್ಕ ಸುಲಭ. ಹಲಗೆ 25 ಮಿ.ಮೀ., ಆಂಗಲ್ 6, ವಾಷರ್ ಮತ್ತು ನಟ್ ಸೇರಿ ಸುಮಾರು 10, ಅದರಾಚೆ ಎರಡು-ಮೂರು ಸುತ್ತು ಹಲ್ಲು ಕಾಣಬೇಕು. ಆದ್ದರಿಂದ 10 ಮಿ.ಮೀ. ದಪ್ಪದ, 50 ಮಿ.ಮೀ. ಉದ್ದದ ಬೋಲ್ಟ್ ಸಾಕು. ಹೆಚ್ಚು ಉದ್ದ ಉಳಿದರೆ ಕೊಯ್ದು ಕಾನಸಿನಿಂದ ಉಜ್ಜಿ. ಹೊರಚಾಚಿದ ಬೋಲ್ಟಿಗೆ ಕೆಚ್ಚಲು ತಾಗಿ ಮೊಲೆ ಸೀಳಿದ್ದಕ್ಕೆ ಹೊಲಿಗೆ ಹಾಕಿದ್ದೇನೆ.

ಕೊಂಡಿ ಮತ್ತು ಆಕ್ಸಲ್ ಬೇರೆ ಮಾತು. ಇಡೀ ಭಾರ ನಿಲ್ಲುವುದು ಅಲ್ಲಿ. ಬೋಲ್ಟಿನ ತಲೆಯ ಮೇಲೆ 4.6 ಅಥವಾ 8.8 ಎಂದು ಒತ್ತಿರುವುದನ್ನು ನೋಡಿ. ಚುಕ್ಕೆಯ ಹಿಂದಿನ ಅಂಕಿ ಎಳೆತ ತಡೆಯುವ ಶಕ್ತಿ ತಿಳಿಸುತ್ತದೆ. ದಪ್ಪ ಒಂದೇ ಇದ್ದರೂ 8.8ರದು ಸುಮಾರು ಎರಡರಷ್ಟು. ಹಲಗೆಗೆ 4.6 ಧಾರಾಳವಾಯಿತು, ಕೊಂಡಿಗೆ 8.8 ಬೇಕು. ಯಾವ ಗುರುತೂ ಇಲ್ಲದ ಬೋಲ್ಟನ್ನು ಅಂಗಡಿಯವರು ತೂಕಕ್ಕೆ ಅಗ್ಗವಾಗಿ ಕೊಟ್ಟರೂ ಕೊಂಡಿಗೆ ಹಾಕಬೇಡಿ. 8.8 ಬೋಲ್ಟನ್ನು ವೆಲ್ಡ್ ಮಾಡಿಸಲೂಬಾರದು, ಕಾದರೆ ಅದರ ಗಟ್ಟಿತನ ಹೋಗುತ್ತದೆ. ಊರಿನಲ್ಲಿ ಸಿಗದಿದ್ದರೆ ಕಲಬುರಗಿಗೆ ಬಂದಾಗ ತನ್ನಿ; ಬರುವಾಗ ಹಲಗೆಯದೊಂದು ತುಂಡು, ಹಳೆಯ ಬೋಲ್ಟೊಂದು ಜೇಬಿನಲ್ಲಿರಲಿ. ಅಳತೆ ಬಾಯಲ್ಲಿ ಹೇಳಿ ತಂದದ್ದು ಅರ್ಧಕ್ಕರ್ಧ ತಪ್ಪಾಗುತ್ತದೆ.

ಗಾಲಿಯ ನಟ್ಟಿಗೂ ಕೊಂಡಿಯ ಪಿನ್ನಿಗೂ ಸ್ಪ್ಲಿಟ್ ಪಿನ್ ಹಾಕುತ್ತಾರಷ್ಟೆ. ಅದು ಕಳೆದುಹೋದರೆ ನಾವು ಮಾಡುವುದೇನು? ಮೊಳೆ ಬಗ್ಗಿಸಿ ಹಾಕುತ್ತೇವೆ, ಇಲ್ಲವೇ ತಂತಿ ಸುತ್ತುತ್ತೇವೆ. ಹುಮನಾಬಾದ್ ರಸ್ತೆಯಲ್ಲಿ ಲಾರಿಗಳ ನಡುವೆ ಗಾಲಿ ಕಳಚಿದರೆ ಎಮ್ಮೆಯಷ್ಟೇ ಅಲ್ಲ, ಮನುಷ್ಯರೂ ಹೋಗುತ್ತಾರೆ. ಬಿಚ್ಚಿದ ಪಿನ್ನನ್ನು ಮತ್ತೆ ಬಗ್ಗಿಸಬೇಡಿ, ಹೊಸದು ಹಾಕಿ. ಉಳಿದ ಕಡೆ ಒಳಗೆ ನೈಲಾನ್ ಉಂಗುರವಿರುವ ನಟ್ ಬಳಸಿದರೆ ಕುಲುಕಾಟಕ್ಕೆ ಸುಲಭವಾಗಿ ಸಡಿಲಾಗುವುದಿಲ್ಲ. ಆಕ್ಸಲ್ಲಿನ ಯು-ಬೋಲ್ಟ್‌ಗಳನ್ನು ಮೊದಲ ನಾಲ್ಕೈದು ಓಡಾಟದ ಮೇಲೆ ಪಾನಾ ಹಿಡಿದು ಮತ್ತೊಮ್ಮೆ ಬಿಗಿಯಿರಿ. ಹಿಂಬಾಗಿಲಿನ ಕಬ್ಜಾಕ್ಕೂ ತಿರುಪು ಮೊಳೆ ಬೇಡ, ಬೋಲ್ಟೇ ಇರಲಿ. ಬಾಗಿಲು ಬಿಗಿಯಲು ತಂತಿಯ ಬದಲು ಸರಪಳಿ, ಕೊಕ್ಕೆ ಸಾಕು. ನನ್ನ ಅನುಭವದಲ್ಲಿ ಮೊಳೆಗಿಂತ ಹೆಚ್ಚು ರಾಸು ಕೆಡಿಸಿದ್ದು ಕಟ್ಟುವ ತಂತಿ. ಸವೆದ ಟಯರಿನಿಂದ ಹೊರಬಂದ ತಂತಿಯೂ ಅಷ್ಟೇ ಕೆಟ್ಟದ್ದು.

ತುಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಗಣಿ, ಗಂಜಲಕ್ಕೆ ಹೊಳೆಯುವ ತೆಳು ಲೇಪ ಬೇಗ ಹೋಗುತ್ತದೆ. ಮಬ್ಬು ಬೂದಿ ಬಣ್ಣದ, ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದದ್ದು ಬಾಳಿಕೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಒಳ್ಳೆಯದೆಂದು ಕೆಲವರು ಹಣ ಹಾಕುತ್ತಾರೆ. ಪಶುವೈದ್ಯನಾಗಿ ನಾನು ಬೇಡವೆನ್ನುತ್ತೇನೆ. ಸಾಮಾನ್ಯವಾಗಿ ಸಿಗುವ ಸ್ಟೇನ್‌ಲೆಸ್ ಬೋಲ್ಟಿಗೆ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ಮೇವಿನಲ್ಲಿ ಬಿದ್ದರೆ ಹುಡುಕುವುದು ಕಷ್ಟ. ರಾಸು ನುಂಗಿದರೆ ಹೊಟ್ಟೆಯಲ್ಲಿ ಬಿಟ್ಟ ಅಯಸ್ಕಾಂತಕ್ಕೂ ಅದು ಸಿಗುವುದಿಲ್ಲ. ಸತುವಿನ ಲೇಪದ ಕಬ್ಬಿಣ ಸಿಗುತ್ತದೆ.

ಹೊಟ್ಟೆಗೆ ಹಾಕುವ ಅಯಸ್ಕಾಂತವೆಂದರೆ ಬೆರಳುದ್ದದ ನುಣುಪಾದ ತುಂಡು. ವೈದ್ಯರು ಬಾಯಿಯ ಮೂಲಕ ನುಂಗಿಸುತ್ತಾರೆ. ಅದು ಎರಡನೆಯ ಹೊಟ್ಟೆಯಲ್ಲೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಒಮ್ಮೆಲೇ ಇಳಿದು, ರಾಸು ಇಳಿಜಾರಿನಲ್ಲಿ ನಡೆಯಲು ಹಿಂಜರಿದರೆ, ಮಲಗುವಾಗ ನರಳಿದರೆ ಅಂದೇ ತಿಳಿಸಿ. ಮೊಳೆ ಹೊಟ್ಟೆಯಲ್ಲಿರುವಾಗ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಹೃದಯ ಮುಟ್ಟಿದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಒಂದು ಬಂಡಿಯ ಬೋಲ್ಟುಗಳಿಗೆ ತಗಲುವುದು ಒಂದು ಎಮ್ಮೆಯ ಕೆಲವೇ ದಿನದ ಹಾಲಿನ ಹಣ. ಈಗ ಯಾರ ಮನೆಗೆ ಹೋದರೂ ನಾನು ಮೊದಲು ಬಂಡಿಯ ಕೆಳಗೆ ಬಗ್ಗಿ ನೋಡುತ್ತೇನೆ. "ಸಾಹೇಬ್ರ, ಎಮ್ಮಿ ನೋಡ್ಲಾಕ ಬಂದೀರೋ, ಬಂಡಿ ನೋಡ್ಲಾಕ ಬಂದೀರೋ?" ಎಂದು ನಗುವವರೂ ಇದ್ದಾರೆ.

ಹಳೆಯ ಬಂಡಿಯ ಹಲಗೆ ಬಿಚ್ಚುವಾಗ ಮೇವನ್ನು ದೂರ ಸರಿಸಿ. ತೆಗೆದ ಮೊಳೆಗಳನ್ನು ಡಬ್ಬಿಯಲ್ಲಿ ಹಾಕಿ ಎಣಿಸಿ, ಹಲಗೆಯ ತೂತುಗಳ ಲೆಕ್ಕಕ್ಕೆ ತಾಳೆ ನೋಡಿ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಬಂಡಿಯ ತಳದಲ್ಲಿ, ಗೋದಲಿಯಲ್ಲಿ, ಮೇವು ಕತ್ತರಿಸುವ ಜಾಗದಲ್ಲಿ ಎಳೆದಾಡಿಸಿ. ಲೆಕ್ಕದಲ್ಲಿ ಒಂದೇ ಒಂದು ಮೊಳೆ ಕಡಿಮೆ ಬಂದರೂ ಅದು ಸಿಗುವವರೆಗೆ ಕಣಿಕೆ ಕಟರ್ ತಿರುಗಿಸಬೇಡಿ.