ತಾನೇ ಛಲೋ ಆದ ಫ್ರಿಜ್ಜು: ನಂಬಿಕೆ ಏನು, ನಿಜ ಏನು

ಎರಡು ವಾರದಿಂದ ತಂಪು ಮಾಡದ ಫ್ರಿಜ್ಜು ಒಂದು ಬೆಳಿಗ್ಗೆ ಮೊದಲಿನಂತೆ ಐಸು ಕಟ್ಟುತ್ತದೆ. ಅಟ್ಟ ಸೇರಿದ್ದ ಮಿಕ್ಸರ್ ಕೆಳಗಿಳಿಸಿ ಒರೆಸಿದ ಕೂಡಲೇ ತಿರುಗುತ್ತದೆ. "ತಾನೇ ಛಲೋ ಆಗ್ಯಾದ ನೋಡ್ರಿ" ಎಂಬ ಮಾತು ಕಲಬುರಗಿಯ ಮನೆಗಳಲ್ಲಿ ಹೊಸದಲ್ಲ. ಅದರ ಬೆನ್ನಿಗೇ ಕಾರಣಗಳೂ ಬರುತ್ತವೆ: ಅಮಾವಾಸ್ಯೆ ಕಳೀತು, ಮೆಕ್ಯಾನಿಕನ ಕೈಗುಣ ಒಳ್ಳೇದು, ಹಳೇ ಮಾಲು ಗಟ್ಟಿ, ಯಂತ್ರಕ್ಕೂ ಒಂದಿಷ್ಟು ವಿಶ್ರಾಂತಿ ಬೇಕಿತ್ತು. ಇವುಗಳಲ್ಲಿ ಕೊನೆಯದರಲ್ಲಿ ಮಾತ್ರ ಅರ್ಧ ಸತ್ಯವಿದೆ. ಯಂತ್ರಕ್ಕೆ ಗಾಯ ಮಾಯುವ ಶಕ್ತಿಯಿಲ್ಲ. ಅದು ಮತ್ತೆ ನಡೆಯಿತೆಂದರೆ ಅದರ ಸುತ್ತ ಏನೋ ಬದಲಾಗಿರುತ್ತದೆ: ವೋಲ್ಟೇಜ್, ಸೆಕೆ, ತೇವ, ಧೂಳು, ಇಲ್ಲವೇ ಒಂದು ತಂತಿಯ ಕೂಡುವಿಕೆ. ಬದಲಾದದ್ದು ಯಾವುದೆಂದು ಹುಡುಕದೆ ಸುಮ್ಮನಾದರೆ ಅದೇ ದೋಷ ಮತ್ತೆ ಬರುತ್ತದೆ, ಕೆಲವೊಮ್ಮೆ ಅಪಾಯವನ್ನೂ ಜೊತೆಗೆ ತರುತ್ತದೆ.

ಕೈಗುಣದ ನಂಬಿಕೆಯನ್ನೇ ಮೊದಲು ನೋಡೋಣ, ಏಕೆಂದರೆ ಅದಕ್ಕೆ ಕಣ್ಣೆದುರಿನ ಸಾಕ್ಷಿ ಇರುವಂತೆ ಕಾಣುತ್ತದೆ. ಕಮಲಾಪುರದಲ್ಲಿ ನಡೆಯದ ಫ್ರಿಜ್ಜನ್ನು ಹುಮನಾಬಾದ ರಸ್ತೆಯಲ್ಲಿ ಗಾಡಿಗೆ ಹೇರಿ ಕಲಬುರಗಿಯ ಅಂಗಡಿಗೆ ತಂದಿಳಿಸಿದರೆ, ಮೆಕ್ಯಾನಿಕ ಪ್ಲಗ್ ಹಾಕಿದ ಕೂಡಲೇ ಅದು ಚಾಲೂ ಆಗಬಹುದು. ಮನೆಗೆ ಒಯ್ದರೆ ನಾಲ್ಕು ದಿನಕ್ಕೆ ಮತ್ತೆ ನಿಲ್ಲಬಹುದು. ಆಗ ಅಂಗಡಿಯವನ ಮೇಲೆ ಸಂಶಯ ಹುಟ್ಟುತ್ತದೆ, ಅದೂ ಅನ್ಯಾಯ. ನಮ್ಮ ಮನೆಗಳಿಗೆ ಬರಬೇಕಾದ ವೋಲ್ಟೇಜ್ 230. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರ ಹೋದಷ್ಟೂ, ಅದೇ ಲೈನಿನ ಮೇಲೆ ಭಾರ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಲೈನಿನ ತುದಿಯ ಮನೆಗೆ 180 ಬಂದರೆ ಬಲ್ಬು ಮಂಕಾಗುತ್ತದೆ ಅಷ್ಟೆ, ಆದರೆ ಮೋಟಾರಿನ ಲೆಕ್ಕ ಬೇರೆ. ಫ್ರಿಜ್ಜಿನ ಮೋಟಾರು ಎದ್ದು ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 180 ವೋಲ್ಟಿನಲ್ಲಿ ಉಳಿಯುವುದು ಪೂರ್ಣ ಬಲದ ಶೇ. 61, 160ಕ್ಕಿಳಿದರೆ ಅರ್ಧಕ್ಕಿಂತಲೂ ಕಡಿಮೆ. ಪೇಟೆಯ ಅಂಗಡಿಗೆ ಸರಿಯಾದ ವೋಲ್ಟೇಜ್ ಬರುತ್ತಿದ್ದರೆ ಅಲ್ಲಿ ಮೋಟಾರು ಏಳಲೇಬೇಕು. ಇಂಥ ಫ್ರಿಜ್ಜಿಗೆ ರೋಗವೇ ಇರಲಿಲ್ಲ.

ಏಳಲಾರದ ಮೋಟಾರು ಏನು ಮಾಡುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿದರೆ ತಿಳಿಯುತ್ತದೆ. ಫ್ರಿಜ್ಜಿನ ಹಿಂದೆ ಗುಂಯ್ ಎಂಬ ಸದ್ದು, ಸ್ವಲ್ಪ ಹೊತ್ತಿಗೆ ಟಕ್, ಆಮೇಲೆ ಕೆಲವು ನಿಮಿಷ ಮೌನ, ಮತ್ತೆ ಗುಂಯ್. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ಕಾಯುತ್ತದೆ. ಕಂಪ್ರೆಸರಿನ ಮಗ್ಗುಲಲ್ಲಿ ಕೂತ ಓವರ್‌ಲೋಡ್ ಎಂಬ ಸಣ್ಣ ಬಿಲ್ಲೆಯಲ್ಲಿ ಎರಡು ಬಗೆಯ ಲೋಹಗಳನ್ನು ಬೆಸೆದಿರುತ್ತಾರೆ. ಕಾಯ್ದಾಗ ಒಂದು ಹೆಚ್ಚು ಹಿಗ್ಗಿ, ಹಂಚಿನ ಮೇಲೆ ರೊಟ್ಟಿ ಅಂಚೆತ್ತುವ ಹಾಗೆ ಬಿಲ್ಲೆ ಬಾಗಿ ಕರೆಂಟು ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಚಪ್ಪಟೆಯಾಗಿ ಕೂಡಿಕೊಳ್ಳುತ್ತದೆ. ವಿಶ್ರಾಂತಿಯ ಮಾತಿನಲ್ಲಿರುವ ಅರ್ಧ ಸತ್ಯ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಉಷ್ಣ ಸೀಮೆಗೆಂದು ಮಾಡಿದ ಟ್ರಾಪಿಕಲ್ ವರ್ಗದ ಫ್ರಿಜ್ಜುಗಳೂ ಸುತ್ತಲಿನ ಗಾಳಿ 43 ಡಿಗ್ರಿ ಇರುವವರೆಗೆ ಮಾತ್ರ ಸರಿಯಾಗಿ ನಡೆಯುವಂತೆ ರೂಪಿಸಿದಂಥವು. ಫರ್ಸಿ ಹಾಸಿದ ಮಾಳಿಗೆಯ ಕೆಳಗೆ, ಗೋಡೆಗೆ ಒತ್ತಿ ಇಟ್ಟ ಫ್ರಿಜ್ಜಿನ ಬೆನ್ನಿಗೆ ಆ ಗಡಿ ಮಧ್ಯಾಹ್ನವೇ ದಾಟಿ ಹೋಗುತ್ತದೆ. ಅದೇ ಹೊತ್ತಿಗೆ ಊರ ತುಂಬ ಕೂಲರು ತಿರುಗಿ ಲೈನಿನ ಮೇಲೆ ಭಾರ ಏರಿರುತ್ತದೆ. ಮಧ್ಯಾಹ್ನ ಸತ್ತ ಫ್ರಿಜ್ಜು ನಡುರಾತ್ರಿ ಬದುಕಿದ್ದರಲ್ಲಿ ಪವಾಡ ಹುಡುಕಬೇಕಿಲ್ಲ. ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಒಂದು ಸ್ಟೆಬಿಲೈಜರ್ ಹಾಕಿದರೆ ಹಗಲಲ್ಲೂ ಅದು ಬದುಕುವ ಸಂಭವ ಹೆಚ್ಚು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಸ್ಟೆಬಿಲೈಜರ್ ಇದ್ದ ಮನೆಯಲ್ಲೂ ಫ್ರಿಜ್ಜು ಕೆಟ್ಟು, ಎರಡು ದಿನ ಬಂದ್ ಇಟ್ಟ ಮೇಲೆ ಸರಿಯಾಗುವುದುಂಟಲ್ಲ? ಉಂಟು. ಗ್ಯಾಸು ಹರಿಯುವ ಕೊಳವೆಯ ಒಂದು ಭಾಗ ತೀರ ಸಣ್ಣದು. ಗ್ಯಾಸು ತುಂಬುವಾಗ ಒಳಗೆ ತೇವ ಉಳಿದಿದ್ದರೆ ಅದು ಆ ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಬಂದ್ ಮಾಡಿದರೆ ಕರಗಿ ದಾರಿ ಬಿಡುತ್ತದೆ, ಚಾಲೂ ಮಾಡಿದ ಮೇಲೆ ಮತ್ತೆ ಕಟ್ಟುತ್ತದೆ. ಇದಕ್ಕೆ ಬರೀ ಗ್ಯಾಸು ತುಂಬಿಸಿದರೆ ಹಣ ಹೋದಂತೆ. ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಮಾಡಿ, ಆಮೇಲೆ ತುಂಬಬೇಕು. "ಎರಡು ದಿನ ಬಂದ್ ಇಟ್ಟರೆ ಸರಿ ಆಗ್ತದ" ಎಂಬ ಮನೆಯವರ ಅನುಭವ ಮೆಕ್ಯಾನಿಕನ ಪಾಲಿಗೆ ಅತ್ಯಂತ ಬೆಲೆಬಾಳುವ ಸುಳಿವು, ಆದರೆ ಅದನ್ನು ಅವನಿಗೆ ಹೇಳುವವರು ಕಡಿಮೆ.

ಇನ್ನೂ ಗಟ್ಟಿಯಾದ ಆಕ್ಷೇಪ ವಿಜ್ಞಾನ ಓದಿದವರಿಂದ ಬರುತ್ತದೆ. ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಬಿಡಿಭಾಗಗಳು ನಿಜಕ್ಕೂ ಇವೆ, ಅವು ನಮ್ಮ ಫ್ಯಾನಿನಲ್ಲೇ ಇವೆ. ಫ್ಯಾನಿನ ಕಂಡೆನ್ಸರಿನೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಲೇಪ ಇರುತ್ತದೆ. ಹಾಳೆಯಲ್ಲಿ ಎಲ್ಲಾದರೂ ತೂತು ಬಿದ್ದು ಶಾರ್ಟ್ ಆದರೆ, ಆ ಕಿಡಿಯ ಕಾವಿಗೆ ತೂತಿನ ಸುತ್ತಲಿನ ಲೋಹ ಆವಿಯಾಗಿ ಹೋಗಿ ಶಾರ್ಟ್ ತಾನಾಗಿಯೇ ಬಿಡುತ್ತದೆ. ನಂಬಿಕೆಗೆ ಇಷ್ಟು ಹತ್ತಿರ ಬರುವ ಸತ್ಯ ಬೇರೊಂದಿಲ್ಲ. ಆದರೆ ಆ ದುರಸ್ತಿಗೆ ಪ್ರತಿ ಸಲವೂ ಒಂದು ಚೂರು ಲೋಹ ಬಲಿಯಾಗುತ್ತದೆ. 2.5 ಮೈಕ್ರೋಫ್ಯಾರಡ್ ಇದ್ದ ಕಂಡೆನ್ಸರ್ ವರ್ಷ ಕಳೆದಂತೆ 2ಕ್ಕೆ, ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಫ್ಯಾನು ನಿಧಾನವಾಗುತ್ತದೆ, ಕಡೆಗೆ ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುತ್ತದೆ. ರಾತ್ರಿ ಲೈನು ಹಗುರಾಗಿ ವೋಲ್ಟೇಜ್ ಏರಿದಾಗ ಅದೇ ಫ್ಯಾನು ಜೋರಾಗಿ ಓಡಿ, ಸರಿಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಒಳಗೆ ನಡೆದಿರುವುದು ಸವೆತವೇ. ಸಣ್ಣ ಕಂಡೆನ್ಸರ್ ಬದಲಿಸುವ ಕೆಲಸಕ್ಕೆ ಇಡೀ ಫ್ಯಾನನ್ನು ಗುಜರಿಗೆ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ.

ಟಿವಿಗೆ ಹೊಡೆಯುವ ರೂಢಿಯೂ ಇದೇ ಜಾತಿಯದು. ಡಬ್ಬಿ ಟಿವಿಯ ತಲೆಗೆ ಹೊಡೆದರೆ ಚಿತ್ರ ಬರುತ್ತದೆಂಬುದು ಸುಳ್ಳಲ್ಲ. ಕಾಯ್ದು ತಣಿದು, ಕಾಯ್ದು ತಣಿದು ಬೋರ್ಡಿನ ಸೋಲ್ಡರು ಕೂದಲಷ್ಟು ಬಿರಿದಿರುತ್ತದೆ. ಹೊಡೆತಕ್ಕೆ ಬಿರುಕಿನ ಎರಡು ಅಂಚು ಕ್ಷಣಕಾಲ ತಾಕುತ್ತವೆ. ಅದೇ ಹೊಡೆತ ಬಿರುಕನ್ನು ಹಿಗ್ಗಿಸುವುದರಿಂದ ನಾಳೆ ಇನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ಇಂದಿನ ವಾಷಿಂಗ್ ಮೆಷಿನ್ನು, ಸೆಟ್‌ಟಾಪ್ ಬಾಕ್ಸುಗಳ ಕಥೆ ಬೇರೆ: ಒಳಗಿನ ಪುಟ್ಟ ಕಂಪ್ಯೂಟರು ಕರೆಂಟಿನ ಏರಿಳಿತಕ್ಕೆ ಗೊಂದಲಗೊಂಡು ನಿಂತಿರುತ್ತದೆ, ಪ್ಲಗ್ ಕಿತ್ತು ಕೆಲವು ನಿಮಿಷ ಬಿಟ್ಟರೆ ಮೊದಲಿನಿಂದ ಶುರುಮಾಡುತ್ತದೆ. ಅಲ್ಲಿ ಚಿಂತೆಗೆ ಕಾರಣ ಕಡಿಮೆ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಮಿಕ್ಸರ್ ಬದುಕಿತೆಂದು ಹೇಳುವವರ ಶ್ರದ್ಧೆಯನ್ನು ನಾನು ಕೀಳುಗಳೆಯುವುದಿಲ್ಲ. ಆ ದಿನ ನಡೆಯುವುದನ್ನು ನೋಡಿ: ಯಂತ್ರವನ್ನು ಹೊರಗೆ ತೆಗೆದು, ಧೂಳು ಕೊಡವಿ, ಬುಡಮೇಲು ಮಾಡಿ ಒರೆಸುತ್ತೇವೆ. ಬಹಳಷ್ಟು ಮಿಕ್ಸರುಗಳ ತಳದಲ್ಲಿ ಸಣ್ಣ ಕೆಂಪು ಗುಂಡಿ ಇರುತ್ತದೆ. ನೆನೆದ ಬೇಳೆ ಗಟ್ಟಿಯಾಗಿ ರುಬ್ಬಿ ಮೋಟಾರು ಕಾಯ್ದಾಗ ಅದು ಹೊರಕ್ಕೆ ಹಾರಿ ಕರೆಂಟು ಕಡಿಯುತ್ತದೆ, ಒತ್ತುವವರೆಗೂ ಕೂಡಿಕೊಳ್ಳುವುದಿಲ್ಲ. ಒರೆಸುವ ಕೈ ಅದನ್ನು ಒತ್ತಿದರೆ ಕೆಲಸ ಮುಗಿಯಿತು. ವರ್ಷಕ್ಕೊಮ್ಮೆ ಯಂತ್ರದ ಧೂಳು ತೆಗೆಯಿಸುವ ಹಬ್ಬ ನಮ್ಮಲ್ಲಿರುವುದೇ ದೊಡ್ಡ ಭಾಗ್ಯ.

ನಡೀತಿದ್ದರೆ ಸಾಕಲ್ಲ, ಕಾರಣ ತಗೊಂಡು ಏನು ಮಾಡೋದು ಎಂಬ ಪ್ರಶ್ನೆ ಉಳಿಯಿತು. ದುಡ್ಡಿಲ್ಲದ ಮನೆಯಲ್ಲಿ ಇದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರವನ್ನು ಲೆಕ್ಕದಲ್ಲೇ ಕೊಡಬೇಕು. 2000 ವ್ಯಾಟಿನ ಗೀಸರು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಪ್ಲಗ್ಗಿನ ಒಂದು ಕಾಲು ಸಡಿಲಾಗಿ ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ ಆ ಒಂದೇ ಚುಕ್ಕೆಯಲ್ಲಿ ಸುಮಾರು 38 ವ್ಯಾಟ್ ಕಾವು ಏಳುತ್ತದೆ. ಸೋಲ್ಡರ್ ಕಾಯಿಸುವ ಕಬ್ಬಿಣಕ್ಕೆ ಅಷ್ಟು ಸಾಕು. "ಒಮ್ಮೊಮ್ಮೆ ನಡೀತದ, ಒಮ್ಮೊಮ್ಮೆ ಇಲ್ಲ" ಎನ್ನುವ ಗೀಸರಿನ ಸಾಕೆಟ್ಟು ಕಪ್ಪಾಗಿದೆಯೇ ಎಂದು ಆ ದಿನವೇ ನೋಡಬೇಕು. ಇನ್ನು ಒಂದೇ ದಿನ ಮನೆಯ ಹಲವು ಯಂತ್ರಗಳು ಕೆಟ್ಟು ಒಟ್ಟಿಗೇ ಸರಿಹೋದರೆ, ನಮ್ಮ ಮನೆಯ ಬಲ್ಬು ಮಂಕಾಗಿ ನೆರೆಮನೆಯದು ಕಣ್ಣು ಕೋರೈಸಿದರೆ, ದೋಷ ಕಂಬದ ಬಳಿ ಸಡಿಲಾದ ನ್ಯೂಟ್ರಲ್‌ನಲ್ಲಿ ಇರಬಹುದು. ಆಗ ಎಲ್ಲ ಪ್ಲಗ್ಗು ಕಿತ್ತು ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸುವುದೇ ದಾರಿ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಕೂಲರಿಗೆ. ಮಳೆಗಾಲ, ಚಳಿಗಾಲ ಮೂಲೆಯಲ್ಲಿ ಕೂತ ಅದರ ಪಂಪು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಬಿಗಿದಿರುತ್ತದೆ, ಬೇಸಿಗೆಯ ಮೊದಲ ದಿನ ಎರಡು ಸಲ ಕುಟ್ಟಿದರೆ ಬಿಡುತ್ತದೆ. ಅಷ್ಟಾದರೆ ಚಿಂತೆಯಿಲ್ಲ. ಆದರೆ ಪಂಪಿನ ಒಳಗೆ ನೀರು ಹೊಕ್ಕಿದ್ದರೆ ಕರೆಂಟು ತಗಡಿಗೆ ಸೋರುತ್ತದೆ. ಒದ್ದೆ ಇದ್ದಾಗ ಜುಂ ಎನ್ನಿಸಿ, ಒಣಗಿದ ಮೇಲೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. 30 ಮಿಲಿ ಆಂಪಿಯರ್ ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ ಇರುವ ಮನೆಯಲ್ಲಿ, "ಸುಮ್ಮನೇ ಟ್ರಿಪ್ ಆಗ್ತದ" ಎಂದು ಅದನ್ನೇ ತೆಗೆಸುವವರಿದ್ದಾರೆ. ಅದು ಸುಮ್ಮನೆ ಟ್ರಿಪ್ ಆಗುವುದು ಅಪರೂಪ. ಅಂಥ ಕೂಲರನ್ನು ಒಣಗಿದಾಗ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಪಂಪು ನೀರಲ್ಲಿದ್ದಾಗಲೇ ಮೆಕ್ಯಾನಿಕನ ಕೈಯಲ್ಲಿ ಸೋರಿಕೆ ನೋಡಿಸಬೇಕು, ಅರ್ಥಿಂಗ್ ತಂತಿ ನಿಜಕ್ಕೂ ನೆಲ ಮುಟ್ಟಿದೆಯೇ ಎಂದು ಕೇಳಬೇಕು. ನೀರು ತುಂಬುವಾಗ ಸ್ವಿಚ್ಚು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು: ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಕೂಡಿಸಿಬಿಟ್ಟಿದ್ದರೆ, ಆಫ್ ಆಗಿರುವ ಕೂಲರಿನಲ್ಲೂ 230 ವೋಲ್ಟು ಹಾಗೇ ನಿಂತಿರುತ್ತದೆ.