ಕಡಲಿನ ಗೋಮಾಳ

ಸಮುದ್ರದ ಪ್ರಾಣಿಗಳೆಂದೊಡನೆ ತಿಮಿಂಗಿಲ, ಶಾರ್ಕುಗಳು ನೆನಪಿಗೆ ಬರುತ್ತವೆ. ಸಮುದ್ರದ ಸಸ್ಯವೆಂದರೆ ಬಂಡೆಗಂಟಿದ ಪಾಚಿ. ಆದರೆ ನೆಲದ ಮೇಲೆ ಹುಲ್ಲಿಲ್ಲದೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿಯಿಲ್ಲ. ಹಾಗಾದರೆ ದಡದಿಂದ ಹತ್ತಾರು ಮೈಲಿ ಆಚೆ, ಬಂಡೆಯೂ ಪಾಚಿಯೂ ಇಲ್ಲದ ನೀರಿನಲ್ಲಿ ಅಷ್ಟೊಂದು ಮೀನು ಏನನ್ನು ತಿಂದು ಬದುಕುತ್ತದೆ? ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಪ್ರಾಣಿಶಾಸ್ತ್ರಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ವಿಜ್ಞಾನ ಓದುವ ಮಿತ್ರರು ನಗಬಹುದು. ಆದರೆ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಅದರ ಶುಲ್ಕ ಬಂದುದು ನನ್ನ ತಾಯಿ ತಲೆಯ ಮೇಲೆ ಹೊತ್ತ ಮೀನಿನ ಬುಟ್ಟಿಯಿಂದ. ಆದುದರಿಂದ ಈ ಪ್ರಶ್ನೆ ನನ್ನದೂ ಹೌದು.

ಕಡಲಿನ ಹುಲ್ಲು ಬರಿಗಣ್ಣಿಗೆ ಕಾಣುವುದಿಲ್ಲ. ಬಿಸಿಲು ತಾಗುವ ಮೇಲಿನ ನೀರಿನಲ್ಲಿ ಒಂದೇ ಜೀವಕೋಶದ ಅಣುಸಸ್ಯಗಳು ತೇಲುತ್ತಿರುತ್ತವೆ. ಅವುಗಳಲ್ಲಿ ಡಯಾಟಮ್ ಎಂಬ ಜಾತಿಯದು ಮುಖ್ಯ. ಇದಕ್ಕೆ ಗಾಜಿನಂತಹ ಚಿಪ್ಪು. ಮರಳಿನಲ್ಲಿರುವ ಸಿಲಿಕಾ ಎಂಬ ದ್ರವ್ಯವೇ ಇದರಲ್ಲಿಯೂ ಇದೆ. ಜಗತ್ತಿನ ಸಸ್ಯಗಳೆಲ್ಲ ಬಿಸಿಲಿನಿಂದ ತಯಾರಿಸುವ ಆಹಾರದಲ್ಲಿ ಸುಮಾರು ಅರ್ಧ ಭಾಗ ಇಂತಹ ಅಣುಸಸ್ಯಗಳದೆಂದರೆ ಯಾರಿಗಾದರೂ ಆಶ್ಚರ್ಯವಾದೀತು.

ಈ ಹುಲ್ಲಿಗೂ ಗೊಬ್ಬರ ಬೇಕು. ಸತ್ತ ಜೀವಿಗಳೆಲ್ಲ ಕೆಳಗಿಳಿದು ಕೊಳೆಯುವುದರಿಂದ ನೈಟ್ರೇಟ್, ಫಾಸ್ಫೇಟ್ ಮೊದಲಾದ ಸಾರವೆಲ್ಲ ಆಳದಲ್ಲಿ ಉಳಿಯುತ್ತದೆ. ಬಿಸಿಲಿರುವಲ್ಲಿ ಗೊಬ್ಬರವಿಲ್ಲ, ಗೊಬ್ಬರವಿರುವಲ್ಲಿ ಬಿಸಿಲಿಲ್ಲ! ನಮ್ಮ ಪಶ್ಚಿಮ ಕರಾವಳಿಯಲ್ಲಿ ಇವೆರಡನ್ನೂ ಕೂಡಿಸುವುದು ಮುಂಗಾರು. ಆ ಕಾಲದ ಗಾಳಿ ಮತ್ತು ಪ್ರವಾಹಗಳ ದೆಸೆಯಿಂದ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಸಾರವನ್ನು ಹೊತ್ತು ಮೇಲೇಳುತ್ತದೆ. ಮೊದಲ ಮಳೆಗೆ ಗುಡ್ಡ ಹಸುರಾಗುವಂತೆ ಕೆಲವೇ ದಿನಗಳಲ್ಲಿ ಡಯಾಟಮುಗಳು ಕೋಟಿಗಟ್ಟಲೆ ಹೆಚ್ಚುತ್ತವೆ.

ಈ ಗೋಮಾಳದ ಹಸುವೇ ಬೂತಾಯಿ. ಕುಂದಾಪುರದ ಕಡೆ ಇದು ಬೈಗೆ, ಕಾರವಾರದ ಕಡೆ ತಾರ್ಲಿ. ಇದರ ಕಿವಿರಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಒತ್ತಾದ ಎಳೆಗಳಿವೆ. ಬಾಯಿ ತೆರೆದು ಈಜಿದರೆ ಸಾಕು, ನೀರು ಹೊರಹೋಗಿ ಮೇವು ಒಳಗುಳಿಯುತ್ತದೆ. ಇದು ಡಯಾಟಮುಗಳನ್ನು ತಿನ್ನುವುದನ್ನು 1923ರಲ್ಲಿಯೇ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಬರೆದಿಟ್ಟರು. 1955ರಲ್ಲಿ ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಇನ್ನೂ ಮುಂದೆ ಹೋಗಿ, ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್ ಹೇರಳವಾಗಿದ್ದರೆ ಬೂತಾಯಿಯೂ ಹೇರಳವೆಂದು ತೋರಿಸಿದರು.

ಹುಲ್ಲನ್ನೇ ನೇರವಾಗಿ ತಿನ್ನುವ ಮೀನು ಅಗ್ಗವಾಗಿರುವುದು ಸಹಜ; ನಡುವೆ ದಲ್ಲಾಳಿಗಳಿಲ್ಲವಷ್ಟೆ! ಅಂಜಲ್ ಬೂತಾಯಿಯನ್ನು ತಿಂದು ಬೆಳೆಯುತ್ತದೆ, ಅಂಜಲನ್ನು ಹಣವಂತರು ತಿನ್ನುತ್ತಾರೆ. ಬಡವರ ಗಂಜಿಯ ಪಕ್ಕದಲ್ಲಿ ಕೂರುವುದು ಬೂತಾಯಿಯೇ.

ಆದರೆ ಎರಡೇ ಹೆಜ್ಜೆಯ ಈ ಏಣಿ ಬೇಗ ಮುರಿಯುತ್ತದೆ. ಮೀನಿನ ಆಯುಸ್ಸು ಎರಡು ಮೂರು ವರ್ಷ ಮಾತ್ರ; ಒಂದು ಮುಂಗಾರಿನ ಮರಿಗಳು ಕೆಟ್ಟರೆ ಮರುವರ್ಷದ ಬಲೆ ಬರಿದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 4 ಸಾವಿರ ಟನ್ನಿಗೂ ಕಡಿಮೆ. ಆ ದಶಕದಲ್ಲಿ ನಮ್ಮ ಕರಾವಳಿಯಲ್ಲಿಯೂ ಅಭಾವ ಕಂಡುಬಂದಿತು. ಮನುಷ್ಯನೊಬ್ಬನೇ ಕಾರಣನೆಂದು ನಾನು ಹೇಳಲಾರೆ. 1940ರ ದಶಕದಲ್ಲಿ, ಯಂತ್ರದ ದೋಣಿಗಳ ಕಾಲಕ್ಕೆ ಮುಂಚೆಯೇ, ಬೂತಾಯಿ ಬಹುಮಟ್ಟಿಗೆ ಕಾಣೆಯಾಗಿತ್ತು. ಕಡಲಿನ ಬಿಸಿ, ಮಳೆಯ ಏರುಪೇರುಗಳ ಪಾಲು ದೊಡ್ಡದು. 2022ರಿಂದ ಕೇರಳದಲ್ಲಿ ಮೀನು ಮರಳಿ ಲಕ್ಷ ಟನ್ನು ದಾಟಿದುದೂ ನಿಜವೇ.

ಮನುಷ್ಯನ ಪಾಲೇನೆಂದರೆ ಮರಿಗಳ ಲೆಕ್ಕ. ಬೂತಾಯಿ ಹೆಚ್ಚಾಗಿ ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧ ತಾಯಿ ಮೀನನ್ನು ಕಾಯುತ್ತದೆ. ಅದು ಮುಗಿದು ದೋಣಿಗಳು ಹೊರಟಾಗ ಆ ವರ್ಷದ ಮರಿಗಳು ಇನ್ನೂ ಬೆರಳುದ್ದ. ಮೊಟ್ಟೆಯಿಡಲು ಅವು ಸುಮಾರು 15 ಸೆಂಟಿಮೀಟರು ಬೆಳೆಯಬೇಕು. ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವವರಿಗೆ ಇಂತಹ ಮರಿ ಬೇಡ, ಕೊಳ್ಳುವವರು ಮುಖ ತಿರುಗಿಸುತ್ತಾರೆ. ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಮಾತ್ರ ಗಾತ್ರದ ಹಂಗಿಲ್ಲ. ಅಲ್ಲಿ ತೂಕವೇ ಬೆಲೆ. ಹುಡಿಯಾದ ಮರಿ ಕೋಳಿಗೂ ಸಾಕಿದ ಸಿಗಡಿಗೂ ಮೇವಾಗಿ ಹೋಗುತ್ತದೆ.